ಸೋತವರು ರೋಮಿಗೆ ಹೋದರು

ಒಂದು ಶಬ್ದದಿಂದ ಶುರು ಮಾಡುತ್ತೇನೆ. ಕೊಂತ್ರಾದಿಕಿತುರ್. ಲ್ಯಾಟಿನ್ ಶಬ್ದ. ‘ಇದಕ್ಕೆ ವಿರೋಧವಿದೆ’ ಎಂದು ಅರ್ಥ.

449ನೇ ಇಸವಿ, ಆಗಸ್ಟ್ ತಿಂಗಳು. ಊರು ಎಫೆಸ, ಈಗಿನ ಟರ್ಕಿಯ ಪಶ್ಚಿಮ ಕರಾವಳಿಯ ಹತ್ತಿರ. ಮರಿಯಮ್ಮನವರ ಹೆಸರಿನ ದೊಡ್ಡ ಚರ್ಚಿನಲ್ಲಿ ನೂರಕ್ಕೂ ಜಾಸ್ತಿ ಬಿಷಪ್ಪರು ಸೇರಿದ್ದಾರೆ. ಎಲ್ಲ ಮಾತುಕತೆ ಗ್ರೀಕ್ ಭಾಷೆಯಲ್ಲಿ. ಅಧ್ಯಕ್ಷರು ಅಲೆಕ್ಸಾಂಡ್ರಿಯಾದ ದಿಯೊಸ್ಕೊರಸ್. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಈಗಿನ ಇಸ್ತಾಂಬುಲ್ಲಿನ, ಬಿಷಪ್ ಫ್ಲೇವಿಯನ್ ಅವರನ್ನು ಪದವಿಯಿಂದ ಇಳಿಸುತ್ತೇವೆ ಎಂದು ಅವರು ಘೋಷಿಸುತ್ತಾರೆ. ಆಗ ರೋಮಿನಿಂದ ಬಂದಿದ್ದ ಹಿಲಾರಿ ಎಂಬ ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವನು, ಈ ಒಂದೇ ಒಂದು ಶಬ್ದವನ್ನು ಕೂಗುತ್ತಾನೆ. ನಡಾವಳಿ ಬರೆಯುತ್ತಿದ್ದವನು ಅದನ್ನು ಕೇಳಿಸಿದ ಹಾಗೆಯೇ ಗ್ರೀಕ್ ಅಕ್ಷರಗಳಲ್ಲಿ ಬರೆದುಕೊಂಡಿದ್ದಾನೆ. ಓದುವವರಿಗೆ ತಿಳಿಯಲಿ ಅಂತ ಪಕ್ಕದಲ್ಲೇ ಗ್ರೀಕ್ ಅರ್ಥವನ್ನೂ ಸೇರಿಸಿದ್ದಾನೆ. ಆ ಕಡತ ಇವತ್ತಿಗೂ ಉಳಿದಿದೆ.

ಆ ಕೂಗಿಗೆ ಯಾರೂ ಕಿವಿಗೊಡಲಿಲ್ಲ. ಸೈನಿಕರು ಒಳಗೆ ನುಗ್ಗಿದರು. ಫ್ಲೇವಿಯನ್ ಅವರಿಗೆ ಏಟು ಬಿತ್ತು. ಸ್ವಲ್ಪ ಕಾಲಕ್ಕೆ ಅವರು ತೀರಿಕೊಂಡರು. ಸಾಯುವ ಮುಂಚೆ ರೋಮಿನ ಬಿಷಪ್ ಲಿಯೊ ಅವರಿಗೆ ಒಂದು ಅಪೀಲು ಬರೆದಿದ್ದರು. ಹಿಲಾರಿ ತನ್ನ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು, ಗುರುತಿಲ್ಲದ, ದಾರಿಯೇ ಇಲ್ಲದ ಜಾಗಗಳನ್ನು ಹಾದು ಹೇಗೋ ರೋಮ್ ಸೇರಿಕೊಂಡ. ಇದನ್ನು ಅವನೇ ಪುಲ್ಕೇರಿಯಾ ರಾಣಿಗೆ ಕಾಗದ ಬರೆದು ಹೇಳಿದ್ದಾನೆ. ಆ ಸಭೆಗೆ ಲಿಯೊ ಇಟ್ಟ ಹೆಸರು ‘ದರೋಡೆಕೋರರ ಸಭೆ’. ಅದೇ ಹೆಸರು ನಿಂತಿತು.

ಈ ಹಿಲಾರಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬರುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಎಫೆಸದಲ್ಲಿ ಪೂರ್ವದವರ ಜಗಳ ನಡೆಯುತ್ತಿತ್ತು. ಸಮುದ್ರದಾಚೆಯ ರೋಮಿನವನಿಗೆ ‘ಇದಕ್ಕೆ ವಿರೋಧವಿದೆ’ ಎನ್ನುವ ಧೈರ್ಯ ಎಲ್ಲಿಂದ ಬಂತು? ಸಿದ್ಧ ಉತ್ತರಗಳು ಎರಡಿವೆ. ಯೇಸು ತಮ್ಮ ಶಿಷ್ಯ ಪೇತ್ರನಿಗೆ ಸ್ವರ್ಗದ ಬೀಗದ ಕೈ ಕೊಟ್ಟರು, ಪೇತ್ರ ರೋಮಿನಲ್ಲಿ ಸತ್ತ, ಆದ್ದರಿಂದ ರೋಮಿಗೆ ಆ ಅಧಿಕಾರ ಅನ್ನುವುದು ಒಂದು. ರೋಮ್ ರಾಜಧಾನಿಯಾಗಿತ್ತು, ಹಾಗಾಗಿ ಅಲ್ಲಿನ ಬಿಷಪ್ಪರ ಮಾತಿಗೆ ತೂಕ ಅನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಕಾಗದಪತ್ರ ಓದುತ್ತಾ ಹೋದ ಹಾಗೆ ನನಗೆ ಮೂರನೆಯದೊಂದು ಜಾಸ್ತಿ ಕಾಣುತ್ತದೆ. ಊರ ಪಂಚಾಯಿತಿಯಲ್ಲಿ ಸೋತವನು ಏನು ಮಾಡುತ್ತಾನೆ? ಪಕ್ಕದೂರಿನ ಗೌಡರ ಮನೆ ಜಗುಲಿಗೆ ಹೋಗಿ ಕೂರುತ್ತಾನೆ. ಮೊದಲ ಸಲ ಗೌಡರು ಮರ್ಯಾದೆಗೆ ಒಂದು ಮಾತು ಹೇಳುತ್ತಾರೆ. ಹತ್ತನೇ ಸಲ ಹೊತ್ತಿಗೆ ಆ ಮಾತು ಹೇಳುವುದು ತಮ್ಮ ಹಕ್ಕು ಅಂತ ಅವರಿಗೇ ಅನ್ನಿಸಿರುತ್ತದೆ. ರೋಮಿನ ಜಗುಲಿಗೆ ಬಂದು ಕೂತವರಲ್ಲಿ ಬಹಳ ಜನ ಪೂರ್ವದವರು.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. ಪೂರ್ವ ಅಂದರೆ ಗ್ರೀಕ್, ಪಶ್ಚಿಮ ಅಂದರೆ ಲ್ಯಾಟಿನ್ ಅಂತ ಹೇಳಿಬಿಡುತ್ತೇವೆ. ಶುರುವಿನಲ್ಲಿ ರೋಮಿನ ಚರ್ಚೇ ಗ್ರೀಕ್ ಚರ್ಚು. ಪೌಲ ರೋಮಿನವರಿಗೆ ಬರೆದ ಪತ್ರ ಗ್ರೀಕಿನಲ್ಲಿದೆ. ಮೊದಲ ಶತಮಾನದ ಕೊನೆಗೆ ರೋಮಿನ ಚರ್ಚು ಕೊರಿಂಥದವರಿಗೆ ಒಂದು ದೊಡ್ಡ ಬುದ್ಧಿಮಾತಿನ ಪತ್ರ ಕಳಿಸಿತು. ಅದೂ ಗ್ರೀಕಿನಲ್ಲೇ. ರೋಮಿನ ಕಲ್ಲಿಸ್ಟಸ್ ನೆಲಮಾಳಿಗೆ ಸ್ಮಶಾನದಲ್ಲಿ ಮೂರನೇ ಶತಮಾನದ ಪೋಪರ ಸಮಾಧಿಗಳಿವೆ. ಫೇಬಿಯನ್, ಲೂಸಿಯಸ್ ಅಂದರೆ ಅಪ್ಪಟ ಲ್ಯಾಟಿನ್ ಹೆಸರುಗಳು. ಅವನ್ನೂ ಕಲ್ಲಿನ ಮೇಲೆ ಗ್ರೀಕ್ ಅಕ್ಷರದಲ್ಲೇ ಕೆತ್ತಿದ್ದಾರೆ. ಪೂರ್ವದಿಂದ ಬಂದ ವ್ಯಾಪಾರಿಗಳು, ಗುಲಾಮರು, ಕಸುಬುದಾರರು ಕಟ್ಟಿಕೊಂಡ ಸಭೆ ಅದು. ಪೂಜೆಯೆಲ್ಲ ಲ್ಯಾಟಿನ್‌ಗೆ ತಿರುಗಿದ್ದು ನಾಲ್ಕನೇ ಶತಮಾನದಲ್ಲಿ. ಆಮೇಲೂ ‘ಕಿರಿಯೆ ಎಲೆಯಿಸೊನ್’, ಅಂದರೆ ‘ಸ್ವಾಮಿ, ಕರುಣೆ ತೋರು’ ಅನ್ನುವ ಗ್ರೀಕ್ ಮಾತು ಪೂರ್ವದಿಂದ ಬಂದು ಲ್ಯಾಟಿನ್ ಪೂಜೆಯೊಳಗೆ ಸೇರಿಕೊಂಡಿತು.

ಶಬ್ದಗಳ ವಿಷಯ ಬಂತು ಅಂತ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮ ಕರಾವಳಿಯಲ್ಲಿ ಚರ್ಚಿಗೆ ಇಗರ್ಜಿ ಅನ್ನುತ್ತಾರೆ, ಅಲ್ವಾ? ಅದು ಗ್ರೀಕಿನ ‘ಎಕ್ಲೇಸಿಯಾ’. ಲ್ಯಾಟಿನ್‌ಗೆ ಹೋಗಿ, ಪೋರ್ಚುಗೀಸರ ಬಾಯಲ್ಲಿ ‘ಇಗ್ರೇಜಾ’ ಆಗಿ, ಹಡಗು ಹತ್ತಿ ಮಂಗಳೂರಿಗೆ ಬಂತು. ಪೋಪ್ ಅನ್ನುವುದೂ ಗ್ರೀಕ್ ಮನೆಮಾತು. ಮಕ್ಕಳು ಅಪ್ಪನನ್ನು ಕರೆಯುವ ‘ಪಾಪ್ಪಾಸ್’. ನಮ್ಮಲ್ಲಿ ಪಾಪ ತೊಟ್ಟಿಲಲ್ಲಿರುತ್ತದೆ, ಅವರಲ್ಲಿ ಪೀಠದ ಮೇಲೆ. ಈ ಬಿರುದು ರೋಮಿನ ಸೊತ್ತಾಗಿರಲಿಲ್ಲ. ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರಾಕ್ಲಸ್ ಅವರನ್ನು ಪಾಪಾ ಎಂದು ಕರೆದದ್ದು ದಾಖಲೆಯಲ್ಲಿದೆ. ಅದೇ ಶತಮಾನದಲ್ಲಿ ರೋಮಿನ ಪಾದ್ರಿಗಳು ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ಪರಿಗೆ ಕಾಗದ ಬರೆಯುವಾಗ ಮೇಲೆ ‘ಪಾಪಾ ಸಿಪ್ರಿಯನ್ ಅವರಿಗೆ’ ಎಂದೇ ಬರೆದಿದ್ದಾರೆ. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರಿಗೆ ಇವತ್ತಿಗೂ ಅವರದೇ ಪೋಪ್ ಇದ್ದಾರೆ. ನಮ್ಮ ಕನ್ನಡ ಕಥೋಲಿಕರು ರೋಮಿನ ಪೋಪರನ್ನು ಜಗದ್ಗುರು ಎನ್ನುತ್ತಾರೆ. ಆ ಬಿರುದಿನ ಪೀಠಗಳು ನಮ್ಮ ನಾಡಿನಲ್ಲಿ ಒಂದೆರಡಲ್ಲ ಅನ್ನುವುದು ನಿಮಗೆ ಗೊತ್ತು. ಹಾಗೆಯೇ ಅಂದುಕೊಳ್ಳಿ.

ಈಗ ಮೊದಲ ಜಗಳ. ಅದು ಪಂಚಾಂಗದ ಜಗಳ. ಏಕಾದಶಿ ಯಾವತ್ತು ಅಂತ ಎರಡು ಮಠದವರು ಬೇರೆ ಬೇರೆ ಹೇಳುವುದನ್ನು ಕಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಈಸ್ಟರ್ ಯಾವಾಗ? ಎಫೆಸ, ಸ್ಮಿರ್ನಾ ಕಡೆಯವರು ಯೆಹೂದಿಗಳ ನಿಸಾನ್ ತಿಂಗಳ 14ನೇ ದಿನ ಹಿಡಿದುಕೊಂಡಿದ್ದರು. ವಾರ ಯಾವುದಾದರೂ ಸರಿ. ರೋಮಿನಲ್ಲಿ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಸ್ಮಿರ್ನಾದ ಮುದುಕ ಬಿಷಪ್ ಪೊಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಅನಿಸೇಟಸ್ ಜೊತೆ ಮಾತಾಡಿದರು. ಇವರು ಅವರನ್ನು ಒಪ್ಪಿಸಲಾಗಲಿಲ್ಲ, ಅವರು ಇವರನ್ನು ಒಪ್ಪಿಸಲಾಗಲಿಲ್ಲ. ಕೊನೆಗೆ ಅನಿಸೇಟಸ್ ಗೌರವದಿಂದ ತಮ್ಮ ಚರ್ಚಿನಲ್ಲೇ ಪೂಜೆ ನಡೆಸಿಕೊಡಿ ಎಂದು ಪೊಲಿಕಾರ್ಪರಿಗೆ ಬಿಟ್ಟುಕೊಟ್ಟರು. ಇಬ್ಬರೂ ಸಮಾಧಾನವಾಗಿ ಬೇರೆಯಾದರು. ಪದ್ಧತಿ ಎರಡಾಗಿಯೇ ಉಳಿಯಿತು.

ಮೂವತ್ತೈದು ವರ್ಷ ಕಳೆಯಿತು. ಸುಮಾರು 190ರಲ್ಲಿ ರೋಮಿನ ವಿಕ್ಟರ್‌ಗೆ ಆ ತಾಳ್ಮೆ ಇರಲಿಲ್ಲ. ಭಾನುವಾರಕ್ಕೆ ಬನ್ನಿ, ಇಲ್ಲದಿದ್ದರೆ ಬಹಿಷ್ಕಾರ ಅಂದರು. ಎಫೆಸದ ಪೊಲಿಕ್ರಾಟಿಸ್ ಕೊಟ್ಟ ಉತ್ತರ ಯೂಸೇಬಿಯಸ್ ಬರೆದ ಚರಿತ್ರೆಯಲ್ಲಿ ಉಳಿದಿದೆ. ನಮ್ಮ ನೆಲದಲ್ಲಿ ದೊಡ್ಡ ದೀಪಗಳು ಮಲಗಿವೆ, ಹಿಯರಾಪೊಲಿಸ್‌ನಲ್ಲಿ ಫಿಲಿಪ್ಪ ಇದ್ದಾನೆ, ಎಫೆಸದಲ್ಲಿ ಸ್ವಾಮಿಯ ಎದೆಗೊರಗಿದ ಯೋಹಾನ ಇದ್ದಾನೆ, ಸ್ಮಿರ್ನಾದಲ್ಲಿ ಪೊಲಿಕಾರ್ಪ್ ಇದ್ದಾರೆ ಎಂದು ಅವರು ಒಂದೊಂದೇ ಸಮಾಧಿ ಎಣಿಸುತ್ತಾರೆ. ನನ್ನ ನೆಂಟರಲ್ಲಿ ಏಳು ಜನ ಬಿಷಪ್ಪರಾಗಿದ್ದರು, ನಾನು ಎಂಟನೆಯವನು ಅನ್ನುತ್ತಾರೆ. ಸ್ವಾಮಿಯ ಸೇವೆಯಲ್ಲಿ 65 ವರ್ಷ ಕಳೆದಿದ್ದೇನೆ, ಈ ಬೆದರಿಕೆಗೆಲ್ಲ ಹೆದರುವವನಲ್ಲ ಅನ್ನುತ್ತಾರೆ. ನೀವು ಪೇತ್ರನ ಸಮಾಧಿ ತೋರಿಸಿದರೆ ನಾವು ಯೋಹಾನನ ಸಮಾಧಿ ತೋರಿಸುತ್ತೇವೆ ಅನ್ನುವ ಧಾಟಿ.

ವಿಕ್ಟರ್‌ಗೆ ಬುದ್ಧಿ ಹೇಳಿದವರು ಯಾರು ಗೊತ್ತಾ? ಪಶ್ಚಿಮದವರೇ. ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದ ಬಿಷಪ್ ಐರೀನಿಯಸ್. ಭಾನುವಾರದ ಪಕ್ಷದವರು. ಆದರೂ ಇಡೀ ಚರ್ಚುಗಳನ್ನೇ ಕತ್ತರಿಸಿಹಾಕಬೇಡಿ, ಅನಿಸೇಟಸ್ ಮತ್ತು ಪೊಲಿಕಾರ್ಪ್ ಹೇಗೆ ನಡೆದುಕೊಂಡರು ನೋಡಿ ಎಂದು ಬರೆದರು. ಆ ಕಥೆ ನಮಗೆ ಗೊತ್ತಿರುವುದೇ ಅವರ ಆ ಪತ್ರದಿಂದ. ಅವರ ಬಾಲ್ಯ ಸ್ಮಿರ್ನಾ ಕಡೆಯದು. ಹುಡುಗನಾಗಿದ್ದಾಗ ಪೊಲಿಕಾರ್ಪರ ಮಾತು ಕೇಳಿ ಬೆಳೆದವರು. ಹಾಗಾದರೆ ಐರೀನಿಯಸ್ ಪೂರ್ವವೋ ಪಶ್ಚಿಮವೋ? ಈ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಚಿಂತೆಯಿಲ್ಲ, ಅವರಿಗೂ ಹೊಳೆಯುತ್ತಿರಲಿಲ್ಲ.

ಮೂರನೇ ಶತಮಾನದ ಸಿಪ್ರಿಯನ್–ಸ್ಟೀಫನ್ ಜಗಳವನ್ನು ಬೇಗ ದಾಟುತ್ತೇನೆ. ಒಡೆದುಹೋದ ಗುಂಪಿನವರು ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದು ವಿಷಯ. ರೋಮಿನ ಸ್ಟೀಫನ್ ಬರುತ್ತದೆ ಅಂದರು, ತಾವು ಪೇತ್ರನ ಜಾಗದಲ್ಲಿ ಕೂತವರು ಎಂದರು. 256ರಲ್ಲಿ ಕಾರ್ತೇಜಿನಲ್ಲಿ 87 ಬಿಷಪ್ಪರು ಸೇರಿ ಬರುವುದಿಲ್ಲ ಅಂದರು. ‘ನಮ್ಮಲ್ಲಿ ಯಾರೂ ಬಿಷಪ್ಪರ ಬಿಷಪ್ ಅಂತ ತನ್ನನ್ನು ತಾನೇ ಕೂರಿಸಿಕೊಳ್ಳುವುದಿಲ್ಲ’ ಎಂದು ಸಿಪ್ರಿಯನ್ ಚುಚ್ಚಿದರು. ತಮಾಷೆ ಏನೆಂದರೆ, ಮುಂದೆ ಪಶ್ಚಿಮದ ಚರ್ಚು ಒಪ್ಪಿದ್ದು ಸ್ಟೀಫನ್ ಅವರ ಮಾತನ್ನು.

ಅಸಲಿ ಕಥೆ ನಾಲ್ಕನೇ ಶತಮಾನದಲ್ಲಿ ಶುರುವಾಗುತ್ತದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪಕ್ಷ ಸೇರಿದ. 325ರಲ್ಲಿ ನೈಸಿಯಾದಲ್ಲಿ ಮಹಾಸಭೆ ಕರೆದ. ರೋಮಿನ ಸಿಲ್ವೆಸ್ಟರ್ ಬರಲಿಲ್ಲ, ಇಬ್ಬರು ಪಾದ್ರಿಗಳನ್ನು ಕಳಿಸಿದರು. ಅಂದಿನಿಂದ 787ರವರೆಗಿನ ಏಳು ದೊಡ್ಡ ಮಹಾಸಭೆಗಳೂ ಪೂರ್ವದಲ್ಲೇ, ಚಕ್ರವರ್ತಿಗಳ ಕರೆಯ ಮೇಲೇ ನಡೆದವು. ಮಾತು ಗ್ರೀಕ್, ಕೂತವರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಪೂರ್ವದವರು. ಹಾಗಿದ್ದರೆ ರೋಮಿಗೆ ಏನು ಕೆಲಸ?

ಕೆಲಸ ತಂದುಕೊಟ್ಟವರು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್. ಊರಲ್ಲಿ ಪದವಿ ಹೋಯಿತು, 339ರಲ್ಲಿ ರೋಮಿಗೆ ಓಡಿದರು. ಅಲ್ಲಿನ ಬಿಷಪ್ ಜೂಲಿಯಸ್ ತಮ್ಮ ಸಭೆ ಸೇರಿಸಿ ಅವರು ನಿರ್ದೋಷಿ ಎಂದರು. ‘ಮೊದಲು ನಮಗೆ ಬರೆಯುವುದು ಪದ್ಧತಿ ಅನ್ನುವುದು ನಿಮಗೆ ಗೊತ್ತಿಲ್ಲವೇ’ ಎಂದು ಪೂರ್ವದವರನ್ನು ಕೇಳಿದರು. ಪೂರ್ವದವರ ಕಾಗದವೂ ಕಡಿಮೆ ಖಾರದ್ದಲ್ಲ. ರೋಮ್ ದೊಡ್ಡದು, ಒಪ್ಪುತ್ತೇವೆ. ಆದರೆ ಅಲ್ಲಿಗೆ ಧರ್ಮ ಕಲಿಸಲು ಹೋದವರು ಪೂರ್ವದಿಂದ ಹೋದವರು ತಾನೇ? ಚರಿತ್ರೆಕಾರ ಸೊಜೊಮೆನ್ ಆ ಪತ್ರದ ಸಾರ ಕೊಟ್ಟಿದ್ದಾನೆ. ಮೇಲೆ ಮರ್ಯಾದೆ, ಒಳಗೆ ಚಿವುಟು.

343ರಲ್ಲಿ ಸರ್ದಿಕಾದಲ್ಲಿ, ಅಂದರೆ ಈಗಿನ ಬಲ್ಗೇರಿಯಾದ ಸೋಫಿಯಾದಲ್ಲಿ, ರಾಜಿಗೆ ಸಭೆ ಕರೆದರು. ಅಥನಾಸಿಯಸ್ ಕೂತರೆ ನಾವು ಕೂರುವುದಿಲ್ಲ ಎಂದು ಪೂರ್ವದವರು ಎದ್ದುಹೋಗಿ ಫಿಲಿಪೊಪೊಲಿಸ್‌ನಲ್ಲಿ ತಮ್ಮದೇ ಸಭೆ ಮಾಡಿದರು. ಜೂಲಿಯಸ್‌ಗೇ ಬಹಿಷ್ಕಾರ ಹಾಕಿದರು. ಉಳಿದ ಪಶ್ಚಿಮದವರು ಒಂದು ನಿಯಮ ಮಾಡಿದರು. ಪದವಿ ಕಳೆದುಕೊಂಡ ಬಿಷಪ್ ತನಗೆ ಅನ್ಯಾಯವಾಗಿದೆ ಎಂದರೆ, ಪೇತ್ರನ ನೆನಪಿನ ಗೌರವಕ್ಕಾಗಿ ರೋಮಿಗೆ ಬರೆಯಬಹುದು. ರೋಮ್ ಬೇಕೆಂದರೆ ಅಕ್ಕಪಕ್ಕದ ಬಿಷಪ್ಪರಿಂದ ಮರುವಿಚಾರಣೆ ಮಾಡಿಸಬಹುದು. ಈ ಅಪೀಲಿನ ನಿಯಮ ರೋಮಿನ ಕಡತಕ್ಕೆ ಹೋಯಿತು. ಅಲ್ಲಿ ಒಂದು ಎಡವಟ್ಟಾಯಿತು. ನೈಸಿಯಾದ ನಿಯಮಗಳು ಮುಗಿದ ಕೂಡಲೇ, ಬೇರೆ ತಲೆಬರಹ ಇಲ್ಲದೆ, ಅದೇ ಸರಣಿಯ ಅಂಕಿಯಲ್ಲಿ ಸರ್ದಿಕಾದ ನಿಯಮಗಳನ್ನು ನಕಲು ಮಾಡಿಬಿಟ್ಟಿದ್ದರು. ನಮ್ಮ ತಾಲೂಕು ಕಚೇರಿಯ ಕಡತಗಳನ್ನು ನೋಡಿದವರು ಇದಕ್ಕೆ ಆಶ್ಚರ್ಯಪಡುವುದಿಲ್ಲ.

ಈ ಎಡವಟ್ಟಿನ ಫಲ ಎಪ್ಪತ್ತೈದು ವರ್ಷದ ಮೇಲೆ ಆಫ್ರಿಕಾದಲ್ಲಿ ಸಿಕ್ಕಿತು. ನನಗೆ ಬಹಳ ಇಷ್ಟದ ಕಥೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಕ್ಕಾ ಎಂಬ ಊರು, ಈಗಿನ ಟುನೀಷಿಯಾದಲ್ಲಿದೆ. ಅಪಿಯಾರಿಯಸ್ ಎಂಬ ಪಾದ್ರಿ. ನಡತೆ ಸರಿಯಿಲ್ಲ ಅಂತ ಅಲ್ಲಿನ ಬಿಷಪ್ ಅರ್ಬಾನಸ್ ಅವನನ್ನು ಹೊರಹಾಕಿದರು. ಅವನು ಸೀದಾ ಹಡಗು ಹತ್ತಿ ರೋಮಿಗೆ ಹೋದ. ಪೋಪ್ ಜೊಸಿಮಸ್ ಅವನ ಪರವಾಗಿ ನಿಂತರು. ಫೌಸ್ಟಿನಸ್ ಎಂಬ ಬಿಷಪ್ಪರನ್ನೂ ಇಬ್ಬರು ಪಾದ್ರಿಗಳನ್ನೂ ಕಾರ್ತೇಜಿಗೆ ಕಳಿಸಿದರು. ಕೈಯಲ್ಲಿ ನೈಸಿಯಾದ ನಿಯಮ ಅಂತ ಒಂದು ಪಾಠ. 419ರ ಮೇ ತಿಂಗಳಲ್ಲಿ 217 ಬಿಷಪ್ಪರು ಸೇರಿದ ಸಭೆಯಲ್ಲಿ ಅದನ್ನು ಓದಿಸಿದರು. ಸಭೆಯಲ್ಲಿ ಅಗಸ್ಟೀನ್ ಇದ್ದರು. ಅವರ ಗೆಳೆಯ ಅಲಿಪಿಯಸ್ ಎದ್ದು, ನಮ್ಮ ಗ್ರೀಕ್ ಪ್ರತಿಗಳಲ್ಲಿ ಈ ಮಾತು ಯಾಕೋ ಸಿಗುತ್ತಿಲ್ಲವಲ್ಲ ಎಂದರು. ಜಗಳ ತೆಗೆಯಲಿಲ್ಲ. ಮೂಲ ಪ್ರತಿ ಇರುವ ಕಡೆ ಕೇಳಿ ನೋಡೋಣ ಎಂದರು. ಪತ್ರಗಳು ಕಾನ್‌ಸ್ಟಾಂಟಿನೋಪಲ್‌ಗೂ ಅಲೆಕ್ಸಾಂಡ್ರಿಯಾಕ್ಕೂ ಹೋದವು. ಎರಡು ಕಡೆಯಿಂದಲೂ ನಕಲು ಬಂತು. ನೈಸಿಯಾದ ನಿಯಮಗಳು 20. ಅಪೀಲಿನ ಮಾತೇ ಇಲ್ಲ.

ಕಥೆ ಮುಗಿಯಲಿಲ್ಲ. ಅಪಿಯಾರಿಯಸ್ ತಬ್ರಾಕಾ ಎಂಬ ಇನ್ನೊಂದು ಊರಿಗೆ ಹೋದ. ಅಲ್ಲೂ ಅದೇ ರಗಳೆ, ಮತ್ತೆ ಬಹಿಷ್ಕಾರ, ಮತ್ತೆ ರೋಮ್. ಈಗ ಪೋಪ್ ಸೆಲೆಸ್ಟೀನ್. ಮತ್ತೆ ಅದೇ ಫೌಸ್ಟಿನಸ್ ಅವನನ್ನು ಕರೆದುಕೊಂಡು ಬಂದು ಜೋರಾಗಿ ವಾದ ಮಾಡಿದರು. ಎರಡು ದಿನ ವಿಚಾರಣೆ ಎಳೆಯಿತು. ಮೂರನೇ ದಿನ ಅಪಿಯಾರಿಯಸ್ ತಾನಾಗಿಯೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ! ಪಾಪ ಫೌಸ್ಟಿನಸ್.

ಆಫ್ರಿಕಾದ ಬಿಷಪ್ಪರು ಆಮೇಲೆ ಸೆಲೆಸ್ಟೀನರಿಗೆ ಬರೆದ ಪತ್ರವನ್ನು ಕಾನೂನು ಓದುವ ಮಕ್ಕಳಿಗೆ ಪಾಠ ಇಡಬೇಕು. ಅವರು ಕೇಳುತ್ತಾರೆ: ದೇವರು ಒಬ್ಬ ಮನುಷ್ಯನಿಗೆ ನ್ಯಾಯದ ಬುದ್ಧಿ ಕೊಟ್ಟು, ಸಭೆ ಸೇರಿದ ಇಷ್ಟೊಂದು ಬಿಷಪ್ಪರಿಗೆ ಕೊಡದೆ ಇರುತ್ತಾನೆಯೇ? ಸಮುದ್ರದಾಚೆ ಕೂತು ತೀರ್ಪು ಕೊಡುವುದಾದರೆ ಸಾಕ್ಷಿಗಳು ಅಲ್ಲಿಗೆ ಹೇಗೆ ಬರುತ್ತಾರೆ? ಹೆಂಗಸರು ಬರಲಾರರು, ಮುದುಕರು ಬರಲಾರರು. ದಯವಿಟ್ಟು ಯಾರು ಕೇಳಿದರೂ ನಿಮ್ಮ ಜನರನ್ನು ಕಳಿಸಬೇಡಿ, ಲೋಕದ ಹೊಗೆ ತುಂಬಿದ ಜಂಬವನ್ನು ಕ್ರಿಸ್ತನ ಚರ್ಚಿಗೆ ತರಬೇಡಿ. ಇದನ್ನು ಬರೆದವರು ಲ್ಯಾಟಿನ್ ಮಾತಾಡುವ, ಪಶ್ಚಿಮದ, ಪೇತ್ರನ ಮೇಲೆ ಪೂರ್ತಿ ಗೌರವವಿದ್ದ ಜನ.

ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಏನಾಯಿತು ನೋಡಿ. 424ರಲ್ಲಿ ಪರ್ಷಿಯಾ ಸಾಮ್ರಾಜ್ಯದೊಳಗಿನ ಬಿಷಪ್ಪರು ಸೇರಿ, ನಮ್ಮ ಕಥೋಲಿಕೋಸ್, ಅಂದರೆ ನಮ್ಮ ಚರ್ಚಿನ ಮುಖ್ಯಸ್ಥರು, ಕೊಟ್ಟ ತೀರ್ಪಿನ ಮೇಲೆ ಪಶ್ಚಿಮದ ಬಿಷಪ್ಪರಿಗೆ ಅಪೀಲು ಹೋಗುವಂತಿಲ್ಲ ಎಂದು ನಿಶ್ಚಯಿಸಿದರು. ತೀರದ ತಕರಾರು ಇದ್ದರೆ ಕ್ರಿಸ್ತನೇ ತೀರ್ಮಾನಿಸಲಿ ಅಂದರು. ಅವರಿಗೆ ‘ಪಶ್ಚಿಮ’ ಅಂದರೆ ಸಿರಿಯಾದ ಅಂತಿಯೋಕ್ಯ! ರೋಮ್ ಅವರ ದಿಗಂತದಾಚೆ. ಅದೂ ಅಲ್ಲದೆ ಅವರ ರಾಜನಿಗೂ ರೋಮನ್ ಚಕ್ರವರ್ತಿಗೂ ಹಗೆ. ಶತ್ರುವಿನ ಊರಿಗೆ ಅಪೀಲು ಹೋದರೆ ತಲೆ ಉಳಿಯುತ್ತದೆಯೇ?

ಈ ಪರ್ಷಿಯಾದ ಚರ್ಚಿಗೂ ನಮಗೂ ನಂಟಿದೆ. ಆರನೇ ಶತಮಾನದಲ್ಲಿ ಕಾಸ್ಮಸ್ ಎಂಬ ಅಲೆಕ್ಸಾಂಡ್ರಿಯಾದ ವ್ಯಾಪಾರಿ ಭಾರತದ ಕರಾವಳಿಯ ಬಗ್ಗೆ ಬರೆಯುತ್ತಾ, ಮಲೆ ನಾಡಿನಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನ ಎಂಬಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾರೆ ಅನ್ನುತ್ತಾನೆ. ಮುಂಬೈ ಹತ್ತಿರದ ಕಲ್ಯಾಣ ಇರಬೇಕು ಎಂದು ಹಲವರು, ನಮ್ಮ ಉಡುಪಿ ಪಕ್ಕದ ಕಲ್ಯಾಣಪುರ ಎಂದು ಕೆಲವರು. ನಾನು ಉಡುಪಿಯ ಪರ ಅಂತ ಇಲ್ಲಿ ಘೋಷಿಸುವುದಿಲ್ಲ, ಸುಮ್ನೆ ಜಗಳ ಯಾಕೆ. ಯಾವ ಕಲ್ಯಾಣವಾದರೂ ಆ ಬಿಷಪ್ಪರ ನೇಮಕದ ಕಾಗದ ರೋಮಿನಿಂದ ಬಂದಿರಲಿಲ್ಲ, ಕಾನ್‌ಸ್ಟಾಂಟಿನೋಪಲ್‌ನಿಂದಲೂ ಬಂದಿರಲಿಲ್ಲ.

ಮತ್ತೆ ನಮ್ಮ ದಾರಿಗೆ. ಅಪೀಲು ಬೇಡ ಅನ್ನುವವರು ಇಷ್ಟು ಜನ ಇದ್ದರೂ ಅಪೀಲು ತರುವವರಿಗೆ ಕೊರತೆಯಿರಲಿಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ. ಸುಮಾರು 376ರಲ್ಲಿ ಸಿರಿಯಾದ ಮರುಭೂಮಿಯಲ್ಲಿದ್ದ ಜೆರೋಮ್ ಎಂಬ ಲ್ಯಾಟಿನ್ ಸನ್ಯಾಸಿ ಪೋಪ್ ದಮಾಸಸ್‌ಗೆ ಬರೆದ ಕಾಗದ ನೋಡಿ. ಅಂತಿಯೋಕ್ಯದಲ್ಲಿ ಆಗ ಬಿಷಪ್ ಪದವಿಗೆ ಮೂರು ಜನ. ಎಲ್ಲರೂ ‘ನೀನು ನಮ್ಮವನಾ’ ಅಂತ ಕೇಳುತ್ತಾರೆ. ದೇವರಲ್ಲಿ ಮೂರು ಹಿಪೊಸ್ಟಾಸಿಸ್ ಅನ್ನು ಎಂದು ಒತ್ತಾಯ. ಗ್ರೀಕರಿಗೆ ಅದು ಮೂರು ವ್ಯಕ್ತಿಗಳು ಅನ್ನುವ ಅರ್ಥ. ಆ ಶಬ್ದವನ್ನು ಬಿಡಿಬಿಡಿಯಾಗಿ ಲ್ಯಾಟಿನ್‌ಗೆ ತಿರುಗಿಸಿದರೆ ‘ಸುಬ್‌ಸ್ತಾಂತಿಯಾ’, ಮೂರು ತಿರುಳು, ಅಂದರೆ ಮೂರು ದೇವರು ಅಂದ ಹಾಗೆ ಕೇಳಿಸುತ್ತದೆ. ನೂರು ವರ್ಷದ ಜಗಳದಲ್ಲಿ ಅರ್ಧ ಭಾಗ ತರ್ಜುಮೆಯದ್ದು. ಜೆರೋಮ್ ಬರೆಯುತ್ತಾರೆ: ನಾನು ಆ ಮೀನುಗಾರನ, ಅಂದರೆ ಪೇತ್ರನ, ಉತ್ತರಾಧಿಕಾರಿಯ ಹತ್ತಿರ ಮಾತಾಡುತ್ತಿದ್ದೇನೆ, ನೀವು ಹೇಳಿ, ಹೇಳಿದ್ದನ್ನು ಹೇಳುತ್ತೇನೆ. ಇಂಥ ಕಾಗದ ಓದಿದ ಯಾವ ಪೋಪ್ ತಾನೇ ‘ನನಗ್ಯಾಕೆ’ ಅನ್ನುತ್ತಾರೆ?

ದಮಾಸಸ್ ಅವರಂತೂ ಅನ್ನುವವರಲ್ಲ. 366ರಲ್ಲಿ ಅವರ ಆಯ್ಕೆಯ ಹೊತ್ತಿಗೆ ಎರಡು ಬಣ ಬಡಿದಾಡಿಕೊಂಡು ಒಂದೇ ದಿನ ಒಂದು ಚರ್ಚಿನಲ್ಲಿ 137 ಹೆಣ ಸಿಕ್ಕಿದವು ಎಂದು ಆ ಕಾಲದ ಚರಿತ್ರೆಕಾರ ಅಮ್ಮಿಯಾನಸ್ ಬರೆದಿದ್ದಾನೆ. ಪ್ರೆಟೆಕ್ಸ್ಟಾಟಸ್ ಎಂಬ ದೊಡ್ಡ ಮನೆತನದವನು, ಹಳೆಯ ದೇವರುಗಳ ಭಕ್ತ, ದಮಾಸಸ್‌ಗೆ ‘ನನ್ನನ್ನು ರೋಮಿನ ಬಿಷಪ್ ಮಾಡಿ, ಈಗಲೇ ಕ್ರೈಸ್ತನಾಗುತ್ತೇನೆ’ ಎಂದು ತಮಾಷೆ ಮಾಡುತ್ತಿದ್ದನಂತೆ. ಇದನ್ನು ಹೇಳಿದವರೂ ಜೆರೋಮೇ.

ಈ ದಮಾಸಸ್ ಕಾಲದಲ್ಲೇ ಪೂರ್ವದಿಂದ ದೊಡ್ಡ ಏಟು ಬಂತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಮಹಾಸಭೆ, ನಮ್ಮ ಊರಿನ ಬಿಷಪ್ಪರಿಗೆ ರೋಮಿನವರ ನಂತರದ ಗೌರವ, ಯಾಕೆಂದರೆ ಇದು ಹೊಸ ರೋಮ್ ಎಂದಿತು. ಓದಿದರೆ ರೋಮಿಗೆ ಮರ್ಯಾದೆ ಕೊಟ್ಟ ಹಾಗಿದೆ. ಆದರೆ ಆ ‘ಯಾಕೆಂದರೆ’ಯಲ್ಲಿ ವಿಷವಿದೆ. ಊರು ದೊಡ್ಡದು, ಹಾಗಾಗಿ ಬಿಷಪ್ ದೊಡ್ಡವರು ಅಂತಾದರೆ ರೋಮಿನ ಗತಿ ಏನು? ರಾಜಧಾನಿ 330ರಲ್ಲೇ ಎದ್ದುಹೋಗಿದೆ. ರೋಮಿನ ಕಾಗದಗಳಲ್ಲಿ ‘ಅಪೊಸ್ತಲರ ಪೀಠ’, ಅಂದರೆ ಯೇಸು ಕಳಿಸಿದ ಶಿಷ್ಯರ ಪೀಠ, ಅನ್ನುವ ಮಾತು ಜಾಸ್ತಿಯಾಗುವುದು ಈ ಸುಮಾರಿಗೆ. ಕಾಗದದ ಶೈಲಿಯೂ ಬದಲಾಯಿತು. 385ರಲ್ಲಿ ಪೋಪ್ ಸಿರಿಸಿಯಸ್ ಸ್ಪೇನಿನ ಒಬ್ಬ ಬಿಷಪ್ಪರ ಪ್ರಶ್ನೆಗಳಿಗೆ ಕೊಟ್ಟ ಉತ್ತರ, ಚಕ್ರವರ್ತಿಯ ಕಚೇರಿಯಿಂದ ಹೊರಡುವ ಆಜ್ಞೆಯ ಧಾಟಿಯಲ್ಲಿದೆ.

ಇದರಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಇದ್ದ ಒಂದು ವ್ಯತ್ಯಾಸ ಗಮನಿಸಬೇಕು. ಪೂರ್ವದಲ್ಲಿ ಅಪೊಸ್ತಲರ ಹೆಜ್ಜೆ ಬೀಳದ ದೊಡ್ಡ ಊರೇ ಕಡಿಮೆ. ಪೇತ್ರನ ಲೆಕ್ಕ ಹಿಡಿದರೂ ಅಂತಿಯೋಕ್ಯದವರು ‘ನಮ್ಮಲ್ಲಿಗೆ ಮೊದಲು ಬಂದ’ ಅನ್ನಬಹುದು. ಪಶ್ಚಿಮದಲ್ಲಿ ರೋಮ್ ಒಂದೇ. ಒಂದೇ ಬಾವಿ ಇರುವ ಊರಿನಲ್ಲಿ ಬಾವಿಯ ಯಜಮಾನನಿಗೆ ಸಿಗುವ ಗೌರವ, ಹತ್ತು ಬಾವಿಯ ಊರಿನಲ್ಲಿ ಸಿಗುವುದಿಲ್ಲ.

ಇನ್ನೊಂದು ಸೂಕ್ಷ್ಮ. 404ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪದವಿ ಕಳೆದುಕೊಂಡ ಜಾನ್ ಕ್ರಿಸೊಸ್ಟೊಮ್ ರೋಮಿಗೆ ಬರೆದರು, ನಿಜ. ಅದೇ ಪತ್ರವನ್ನು ಮಿಲಾನಿಗೂ ಅಕ್ವಿಲೇಯಾಕ್ಕೂ ಕಳಿಸಿದ್ದರು. ಕಳಿಸಿದವರ ಮನಸ್ಸಿನಲ್ಲಿ ಇದು ಸಹಾಯದ ಕೂಗು. ರೋಮಿನ ಕಡತದಲ್ಲಿ ಅದು ಮೇಲಿನ ಕೋರ್ಟಿಗೆ ಬಂದ ಅರ್ಜಿ.

ಈಗ 449ಕ್ಕೆ ವಾಪಸ್ ಬರೋಣ. ದರೋಡೆಕೋರರ ಸಭೆಗೆ ಬೆನ್ನೆಲುಬಾಗಿದ್ದ ಚಕ್ರವರ್ತಿ ಥಿಯೊಡೋಸಿಯಸ್ 450ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಅವನ ಅಕ್ಕ ಪುಲ್ಕೇರಿಯಾ, ಅವಳು ಮದುವೆಯಾದ ಮಾರ್ಸಿಯನ್, ಇಬ್ಬರೂ ಲಿಯೊ ಕಡೆ. 451ರ ಅಕ್ಟೋಬರಿನಲ್ಲಿ ಕಾಲ್ಸೆಡನ್‌ನಲ್ಲಿ ಹೊಸ ಮಹಾಸಭೆ. ಈಗ ಇಸ್ತಾಂಬುಲ್ಲಿನ ಕಾದಿಕೊಯ್ ಬಡಾವಣೆ ಇರುವ ಜಾಗ. ಐನೂರರ ಆಸುಪಾಸು ಬಿಷಪ್ಪರು. ಪಶ್ಚಿಮದವರು ಬೆರಳೆಣಿಕೆಯಷ್ಟು. ಕ್ರಿಸ್ತನಲ್ಲಿ ದೈವತ್ವ, ಮನುಷ್ಯತ್ವ ಹೇಗೆ ಸೇರಿವೆ ಎಂದು ಲಿಯೊ ಬರೆದಿದ್ದ, ಎರಡು ವರ್ಷದ ಹಿಂದೆ ಓದಿಸದೆ ಬಿಟ್ಟಿದ್ದ ಪತ್ರವನ್ನು ಈ ಸಲ ಓದಿಸಿದರು. ‘ಲಿಯೊ ಬಾಯಿಂದ ಪೇತ್ರ ಮಾತಾಡಿದ್ದಾನೆ!’ ಎಂದು ಜನ ಕೂಗಿದರು.

ಪೋಪರ ಪರವಾಗಿ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಡಾವಳಿಯಲ್ಲಿ ಮುಂದಿನ ಸಾಲು ಓದಬೇಕು. ಅದೇ ಉಸಿರಿನಲ್ಲಿ ಅವರು ‘ಸಿರಿಲ್ ಕಲಿಸಿದ್ದೂ ಇದನ್ನೇ’ ಎಂದು ಕೂಗಿದ್ದಾರೆ. ಸಿರಿಲ್ ಅಲೆಕ್ಸಾಂಡ್ರಿಯಾದ ಬಿಷಪ್ ಆಗಿದ್ದವರು, ತೀರಿಕೊಂಡು ಏಳು ವರ್ಷವಾಗಿತ್ತು. ಇಲಿರಿಯಾ, ಪ್ಯಾಲೆಸ್ಟೈನ್ ಕಡೆಯ ಬಿಷಪ್ಪರಿಗೆ ಲಿಯೊ ಪತ್ರದ ಮೂರು ಕಡೆ ಅನುಮಾನ ಬಂತು. ಐದು ದಿನ ಟೈಮ್ ಕೊಟ್ಟರು. ಸಿರಿಲ್ ಬರಹ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದು, ಲಿಯೊ ಪತ್ರ ನೈಸಿಯಾಕ್ಕೆ ಹೊಂದುತ್ತದೆ, ಸಿರಿಲ್‌ಗೆ ಹೊಂದುತ್ತದೆ, ಆದ್ದರಿಂದ ಒಪ್ಪಿದೆ ಎಂದರು. ಪೇತ್ರನೇ ಮಾತಾಡಿದ್ದಾನೆ ಅಂದವರು ಪೇತ್ರನ ಉತ್ತರಪತ್ರಿಕೆಯನ್ನು ತಿದ್ದಲು ಕೂತಿದ್ದರು.

ಕೊನೆಗೆ ಸಭೆ 28ನೇ ನಿಯಮ ಅಂತ ಕರೆಯುವ ನಿರ್ಣಯ ಮಾಡಿತು. ಹಳೆಯ ರೋಮಿಗೆ ನಮ್ಮ ಹಿರಿಯರು ಗೌರವ ಕೊಟ್ಟದ್ದು ಅದು ರಾಜಧಾನಿ ಅಂತ, ಹೊಸ ರೋಮಿಗೂ ಸಮನಾದ ಗೌರವ ಸಲ್ಲಲಿ, ಅದು ಎರಡನೆಯದಾಗಿರಲಿ. ಆಗ ಲಿಯೊ ಪ್ರತಿನಿಧಿಗಳು ಸಭೆಯಲ್ಲಿರಲಿಲ್ಲ. ಮುಂದಿನ ಬೈಠಕ್ಕಿನಲ್ಲಿ ತಕರಾರು ಎತ್ತಿದರು. ಸಿಸಿಲಿಯ ಬಿಷಪ್ ಪಾಸ್ಕಸಿನಸ್ ನೈಸಿಯಾದ 6ನೇ ನಿಯಮ ಓದಿದರು. ಅವರ ಪ್ರತಿ ‘ರೋಮಿನ ಚರ್ಚಿಗೆ ಯಾವಾಗಲೂ ಪ್ರಾಧಾನ್ಯವಿದೆ’ ಎಂದು ಶುರುವಾಗುತ್ತದೆ. ಪಕ್ಕದಲ್ಲಿದ್ದ ಕಾನ್‌ಸ್ಟಾಂಟಿನೋಪಲ್‌ನ ಕಾರ್ಯದರ್ಶಿ ಅದೇ ನಿಯಮದ ಗ್ರೀಕ್ ಪ್ರತಿ ತೆಗೆದು ಓದಿದ. ‘ಹಳೆಯ ಪದ್ಧತಿಗಳು ನಡೆಯಲಿ’ ಎಂದು ಶುರುವಾಯಿತು. ಆ ರೋಮಿನ ಸಾಲೇ ಇಲ್ಲ. ಕಾರ್ತೇಜಿನ ಕಥೆಯೇ ಮತ್ತೆ. ರೋಮಿನವರು ಬೇಕಂತಲೇ ತಿದ್ದಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರ ಕಪಾಟಿನಲ್ಲಿ ಇದ್ದದ್ದೇ ಆ ಪ್ರತಿ, ಅದನ್ನೇ ನಂಬಿದ್ದರು.

ಲಿಯೊ ಒಪ್ಪಲಿಲ್ಲ. 452ರಲ್ಲಿ ಚಕ್ರವರ್ತಿಗೆ ಬರೆದರು: ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ಪನ ಊರು ರಾಜಧಾನಿ, ಅಷ್ಟಕ್ಕೆ ತೃಪ್ತಿಪಡಲಿ, ಅದನ್ನು ಅಪೊಸ್ತಲರ ಪೀಠ ಮಾಡಲು ಆತನಿಂದ ಆಗುವುದಿಲ್ಲ. ಈಜಿಪ್ಟ್, ಸಿರಿಯಾ ಕಡೆಯ ಬಹಳ ಜನ ಇಡೀ ಕಾಲ್ಸೆಡನ್ನನ್ನೇ ಒಪ್ಪಲಿಲ್ಲ. ಅವರನ್ನು ಸಮಾಧಾನ ಮಾಡಲು ಹೋದ ಕಾನ್‌ಸ್ಟಾಂಟಿನೋಪಲ್‌ನ ಅಕೇಸಿಯಸ್‌ಗೆ 484ರಲ್ಲಿ ಪೋಪ್ ಫೆಲಿಕ್ಸ್ ಬಹಿಷ್ಕಾರ ಹಾಕಿದರು. ಆ ಕಾಗದವನ್ನು ಕೈಗೆ ಕೊಡುವ ಧೈರ್ಯ ಯಾರಿಗೂ ಇಲ್ಲ. ಪೂಜೆ ನಡೆಯುತ್ತಿದ್ದಾಗ ಒಬ್ಬ ಸನ್ಯಾಸಿ ಅದನ್ನು ಅಕೇಸಿಯಸ್ ಹೊದ್ದಿದ್ದ ಶಾಲಿಗೆ ಪಿನ್ನು ಮಾಡಿಬಿಟ್ಟ. ರೋಮಿನ ಕಾಗದವನ್ನು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚುಚ್ಚಿದ ಕೈಯೂ ಪೂರ್ವದ್ದೇ. ಎರಡೂ ಕಡೆಯ ಮಾತು 519ರವರೆಗೆ ನಿಂತುಹೋಯಿತು.

ಹಿಲಾರಿಯ ವಿಷಯ ಬಾಕಿ ಇದೆ. 461ರಲ್ಲಿ ಲಿಯೊ ತೀರಿಕೊಂಡರು. ಅವರ ನಂತರ ರೋಮಿನ ಬಿಷಪ್ ಆದದ್ದು ಎಫೆಸದಿಂದ ಓಡಿಬಂದ ಅದೇ ಡೀಕನ್. ಆ ರಾತ್ರಿ ಅವರು ಎಫೆಸದ ಹೊರಗಿದ್ದ ಯೋಹಾನನ ಸಮಾಧಿಯಲ್ಲಿ ಅಡಗಿ ಜೀವ ಉಳಿಸಿಕೊಂಡರು ಎನ್ನುತ್ತಾರೆ. ಪೊಲಿಕ್ರಾಟಿಸ್ ಪೋಪ್ ವಿಕ್ಟರ್‌ಗೆ ಎಣಿಸಿ ತೋರಿಸಿದ್ದ ಸಮಾಧಿಗಳಲ್ಲಿ ಒಂದು ಅದು. ಪೋಪ್ ಆದ ಮೇಲೆ ಹಿಲಾರಿ ರೋಮಿನ ಲ್ಯಾಟೆರನ್ ದೀಕ್ಷಾಸ್ನಾನ ಗೃಹಕ್ಕೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಗುಡಿ ಕಟ್ಟಿಸಿದರು. ಒಳಗೆ ಚಾವಣಿಯಲ್ಲಿ ಬಂಗಾರದ ಹಿನ್ನೆಲೆಯ ಮೊಸಾಯಿಕ್, ನಡುವೆ ಒಂದು ಕುರಿಮರಿ. ಇವತ್ತಿಗೂ ಹೋಗಿ ನೋಡಬಹುದು. ಬಾಗಿಲಿನ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿಸಿದ್ದಾರೆ: ‘ತನ್ನನ್ನು ಬಿಡಿಸಿದ ಧನ್ಯ ಯೋಹಾನನಿಗೆ, ಕ್ರಿಸ್ತನ ಆಳು ಬಿಷಪ್ ಹಿಲಾರಸ್.’